ಅಪ್ಪ ತೀರಿಕೊಂಡದ್ದು ಯಾವುದರಿಂದ?

ಹೊಸ ಚರ್ಮದ ಚೀಲದ ವಾಸನೆ ನನಗೆ ಆಗಿಬರುವುದಿಲ್ಲ. ಮೂಗಿಗೆ ಬಡಿದ ಕೂಡಲೇ ಅಂಗೈ ಬೆವರುತ್ತದೆ. ಮೊನ್ನೆ ಪಕ್ಕದ ಮನೆಯ ಸೊಸೆ ಸುಮಂಗಲಾ ಅಂಥದೇ ಒಂದು ಚೀಲ ಹೆಗಲಿಗೆ ಹಾಕಿಕೊಂಡು ಬಂದು ಎದುರಿಗೆ ಕುಳಿತಳು. ವಿಮೆ ಏಜೆಂಟ್ ಆಗಬೇಕಂತೆ.

"ಕಾಕಾ, ನೀವು ಈ ಕೆಲಸದಾಗ ಹಳಬರು. ಹೇಳ್ರಿ, ಒಂದೇ ಕಂಪನಿಗಿ ಸೇರಲ್ಯಾ, ಇಲ್ಲಾ ನಾಕು ಕಂಪನಿದು ಇಟ್ಕೊಂಡು ಮಾರಲ್ಯಾ?"

"ನಿಮ್ಮತ್ತಿ ಏನಂತಾಳ?"

"ಸುಮ್ನ ಮನ್ಯಾಗ ಕುಂದ್ರು ಅಂತಾರ್ರಿ."

ನಗೆ ಬಂತು. ನಿಜಾಮರ ಆಳ್ವಿಕೆಯ ಕೊನೆಯ ಬೇಸಿಗೆಯಲ್ಲಿ, ಒಂದು ಕಂಪನಿಯೋ ನಾಲ್ಕೋ ಎಂಬ ಇದೇ ಪ್ರಶ್ನೆ ನನ್ನೆದುರಿಗೂ ನಿಂತಿತ್ತು.

ಆಗಷ್ಟೇ ಹೈದರಾಬಾದಿನಲ್ಲಿ ಕಾಲೇಜು ಮುಗಿಸಿ ಬೀದರಿಗೆ ಮರಳಿದ್ದೆ. ಹೈದರಾಬಾದಿನದೇ ಒಂದು ವಿಮಾ ಕಂಪನಿಯ ಇನ್ಸ್‌ಪೆಕ್ಟರ್ ರಹೀಮ್ ಸಾಹೇಬರು ನನ್ನನ್ನು ಕರೆದು, "ನಮ್ಮ ಕಂಪನಿದಷ್ಟೇ ಮಾಡಪಾ. ಸೈಕಲ್ ಕೊಡ್ತೇವಿ, ಪಗಾರ ಕೊಡ್ತೇವಿ. ಈ ಬ್ಯಾಗ್ ನೋಡಿದ್ರ ದಾರ್‍ಯಾಗ ಯಾರೂ ತಡಿಯೂದಿಲ್ಲ" ಎಂದರು. ಬ್ಯಾಗಿನ ಮೇಲೆ ಉರ್ದುವಿನಲ್ಲಿ ಕಂಪನಿಯ ಹೆಸರು, ಬಂಗಾರದ ಬಣ್ಣದಲ್ಲಿ. ತರ್ಕಶಾಸ್ತ್ರ ಓದಿಕೊಂಡಿದ್ದ ನನಗೆ ಒಬ್ಬರ ಬ್ಯಾಗು ಹೊರುವುದು ಸಣ್ಣತನ ಅನ್ನಿಸಿತು. ಮುಂಬಯಿ, ಪುಣೆ, ಹೈದರಾಬಾದು, ಮೂರೂ ಕಡೆಯ ಕಂಪನಿಗಳ ಕಾಗದ ತರಿಸಿಕೊಂಡೆ. ಗಿರಾಕಿಗೆ ಒಪ್ಪುವುದನ್ನು ಕೊಡುತ್ತೇನೆ ಎಂದೆ.

"ಓದಿದ ಮಂದಿದು ಇದೇ ತಕಲೀಫ್ ನೋಡು," ಎಂದು ಸಾಹೇಬರು ಚಹಾ ತರಿಸಿದರು.

ಆ ದಂಧೆಯಲ್ಲಿ ನನ್ನ ಬಾಯಿ ಕಟ್ಟುತ್ತಿದ್ದದ್ದು ಒಂದೇ ಪ್ರಶ್ನೆಗೆ. ಗಿರಾಕಿಯ ತಂದೆ ಬದುಕಿಲ್ಲದಿದ್ದರೆ, ಯಾವುದರಿಂದ ತೀರಿಕೊಂಡರು ಎಂದು ಅರ್ಜಿಯಲ್ಲಿ ಬರೆಯಲು ಕೇಳಲೇಬೇಕು. ಕರೆದು ರೊಟ್ಟಿ ಬಡಿಸಿದವರಿಗೆ ಇದನ್ನು ಕೇಳುವುದು ಹೇಗೆ ಹೇಳಿ? ನಾಚಿಕೆ ಹೋಗಲೆಂದು ದಾರಿಯುದ್ದಕ್ಕೂ ಕುರಿಗಳಿಗೆ, ಬೇವಿನ ಮರಗಳಿಗೆ ಕೇಳುತ್ತ ರೂಢಿ ಮಾಡಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಸಂತಪುರದಿಂದ ಔರಾದಿನ ಕಡೆಗೆ ಹೀಗೆ ಬೇವಿನ ಮರಗಳ ಕ್ಷೇಮ ವಿಚಾರಿಸುತ್ತ ಹೊರಟಿದ್ದೆ. ಒಂದು ಮರದ ನೆರಳಿನಿಂದ ನಿಜಾಮರ ಪರವಾಗಿ ಬಂದೂಕು ಹಿಡಿದ ರಜಾಕಾರರು ಎದ್ದು ಬಂದರು. ಅವರ ನಾಯಕ ನನ್ನ ಹೊಸ ಚರ್ಮದ ಚೀಲಕ್ಕೆ ಕೈ ಹಾಕಿದ. ಮೇಲಿದ್ದ ಹೈದರಾಬಾದಿನ ಕಾಗದ ನೋಡಿ ತಲೆಯಾಡಿಸಿದ. ಅದರ ಕೆಳಗೆ ಗಡಿಯಾಚೆಯ ಭಾರತದ್ದು, ಮುಂಬಯಿಯದು.

"ಬಂಬೈ ಕಾಗದ? ಅಲ್ಲಿಗಿ ಇಲ್ಲಿ ಖಬರ್ ಕಳಸ್ತಿಯೇನ್?"

ಬಂದೂಕಿನ ಮೂತಿ ಎದೆಗೆ ತಾಗಿತು. ಕಣ್ಣೆದುರು ಬಂದದ್ದು ದೇವರಲ್ಲ, ರಹೀಮ್ ಸಾಹೇಬರ ಬ್ಯಾಗು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ರೂಢಿಯಾದದ್ದೇ ಹೊರಬಿತ್ತು.

"ನಿಮ್ಮಪ್ಪಾರು ಯಾತರ್ಲಿಂದ ತೀರಿಕೊಂಡ್ರು?"

"ಧಮಕಿ ಹಾಕ್ತಾನೇನಿಂವ!" ಎಂದು ಹಿಂದಿದ್ದವನೊಬ್ಬ ಮುಂದೆ ನುಗ್ಗಿದ.

"ಇಲ್ರೀ... ವಿಮಾ ಮಾಡ್ಸೂ ಮುಂದ ಎಲ್ಲಾರ್ಗೂ ಕೇಳ್ತೇನ್ರಿ..."

ನಾಯಕ ಅವನನ್ನು ಕೈಯಿಂದ ತಡೆದ. ಆಮೇಲೆ, ಯಾರಿಗೋ ಹೇಳುವಂತೆ, "ಬಾವಿ ತೋಡೂ ಮುಂದ ಮಣ್ಣು ಕುಸೀತು. ನಾ ಮ್ಯಾಲ ಹಗ್ಗ ಹಿಡ್ಕೊಂಡು ನಿಂತಿದ್ನಿ" ಎಂದ.

"ವಯಸ್ಸು ಎಷ್ಟಿತ್ರಿ?" ಹಾಳು ಬಾಯಿ ಮುಂದಿನ ಪ್ರಶ್ನೆಯನ್ನೂ ಕೇಳಿಬಿಟ್ಟಿತು.

"ಕೂದಲ ಸೈತ ಬೆಳ್ಳಗಾಗಿರಲಿಲ್ಲ. ಆವಾಗ ಎಲ್ಲಿ ಸತ್ತಿತ್ತು ನಿನ್ನ ಕಂಪನಿ?"

ಮುಂಬಯಿಯ ಕಾಗದ ಹರಿದೆಸೆದು ಚೀಲವನ್ನು ನನ್ನ ಮೇಲೆ ಒಗೆದ. "ಹೋಗು. ಹೊಳ್ಳಿ ನೋಡಬ್ಯಾಡ."

ನೋಡಲಿಲ್ಲ. ಬೆನ್ನಿಗೆ ಗುಂಡು ಬೀಳಲಿಲ್ಲ. ಬೀಳದ ಆ ಗುಂಡಿನ ಸಪ್ಪಳಕ್ಕೆ ನಾನು ಈಗಲೂ ಒಮ್ಮೊಮ್ಮೆ ಬೆಚ್ಚುತ್ತೇನೆ.

ಮಳೆಗಾಲದ ಕೊನೆಗೆ ಭಾರತದ ಸೇನೆ ಬಂದು, ಪೊಲೀಸ್ ಕಾರ್ಯಾಚರಣೆ ನಡೆದು ರಜಾಕಾರರ ಕಾಲ ಮುಗಿಯಿತು. ಊರು ಉಸಿರುಬಿಟ್ಟಿತು. ಆದರೆ ಸೇಡು ಹುಡುಕುತ್ತ ಹೊರಟವರು ಯಾವ ತಪ್ಪೂ ಮಾಡದ ಮುಸಲ್ಮಾನರ ಬಾಗಿಲನ್ನೂ ಬಡಿದರು. ಒಂದು ಮುಂಜಾನೆ ರಹೀಮ್ ಸಾಹೇಬರು ನಮ್ಮ ಪಡಸಾಲೆಯಲ್ಲಿ ಬಂದು ಕುಳಿತರು. ಬ್ಯಾಗಿನ ಬಂಗಾರದ ಅಕ್ಷರಗಳನ್ನು ಚಾಕುವಿನಿಂದ ಕೆರೆದಿದ್ದರು.

"ಮಗಳು ಭಾಲ್ಕಿದಾಗ ಇದ್ದಾಳಪಾ. ನಿನ್ನ ಬಂಬೈ ಕಾಗದ ಇನ್ನಾ ಅದಾವೇನು?"

ಮನೆಯಲ್ಲಿ ಉಳಿದಿದ್ದವನ್ನು ಚೀಲಕ್ಕೆ ತುಂಬಿಕೊಂಡೆ. ಭಾಲ್ಕಿಗೆ ಹೊರಟ ಎತ್ತಿನ ಚಕ್ಕಡಿಯಲ್ಲಿ ಇಬ್ಬರೂ ಒತ್ತಿ ಕುಳಿತೆವು. ತಡೆದವರಿಗೆಲ್ಲ ಮುಂಬಯಿಯ ಮುದ್ರೆ ತೋರಿಸಿ, "ಇವ್ರು ನಮ್ಮ ಸಾಹೇಬ್ರು" ಎಂದೆ. ಭಾಲ್ಕಿಯಲ್ಲಿ ಮಗಳು ಬಾಗಿಲು ತೆರೆದಾಗ ಅವರಿಗಿಂತ ಮೊದಲು ಅತ್ತವನು ನಾನು. ಸಾಹೇಬರು ಅಷ್ಟರಲ್ಲೂ, "ನನ್ನ ನೌಕರಿ ಬ್ಯಾಡಂದಿ, ಈಗ ನಾನೇ ನಿನ್ನ ನೌಕರ ಆದೆ ನೋಡು" ಎಂದು ನಕ್ಕರು.

ಸುಮಂಗಲಾ ಎಲ್ಲ ಕೇಳಿಸಿಕೊಂಡಳು. "ಹಂಗಾದ್ರ ನಾ ಯಾವುದು ಹಿಡೀಲ್ರಿ?"

"ಅತ್ತಿ ಒಬ್ಬಾಕಿ ಬಿಟ್ರ ನಿನ್ನ ದಾರ್‍ಯಾಗ ತಡಿಯವ್ರು ಯಾರದಾರ? ನಿನಗ ಮನಸ್ಸು ಬಂದದ್ದು ಹಿಡಿ."

ಅವಳಿಗೆ ಅಷ್ಟು ಸಾಕಾಯಿತು. ಚೀಲ ಬಿಚ್ಚಿ, ಸೆರಗು ಸರಿಮಾಡಿಕೊಂಡು, ಗಂಟಲು ಸರಿಪಡಿಸಿಕೊಂಡಳು.

"ರೂಢಿ ಮಾಡ್ಕೋತೇನ್ರಿ ಕಾಕಾ. ನಿಮ್ಮಪ್ಪಾರು ಯಾತರ್ಲಿಂದ ತೀರಿಕೊಂಡ್ರು?"

ಊರೂರು ತಿರುಗಿ ಎಷ್ಟೋ ಜನರಿಗೆ ಕೇಳಿದ್ದೇನೆ. ನನ್ನನ್ನು ಯಾರೂ ಕೇಳಿರಲಿಲ್ಲ.

"ಮುಪ್ಪಿನಿಂದವಾ. ಉಂಡು ಮಲಗಿದಾಂವ, ತನ್ನ ಹಾಸಿಗ್ಯಾಗ, ನಿದ್ದ್ಯಾಗ."

ಹೇಳುತ್ತ ಹೇಳುತ್ತ ಅವಳ ಆ ಹೊಸ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಕೈ ತೆಗೆದು ನೋಡಿದರೆ ಅಂಗೈ ಒಣಗಿತ್ತು.