ಎರಡು ತಾಸು ಹತ್ತು ನಿಮಿಷ

ದೂರ ಹೇಳುವವರ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ದೇವದುರ್ಗದ ಹಾದಿಯಲ್ಲಿ ಯಾವ ಊರು ಎಲ್ಲಿದೆಯೆಂದು ಕೇಳಿದರೂ ‘ಇಲ್ಲೇ ಅದ ರೀ’ ಎನ್ನುತ್ತಾರೆ. ಆ ‘ಇಲ್ಲೇ’ ಮುಗಿಯುವಷ್ಟರಲ್ಲಿ ಚಪ್ಪಲಿಯ ಉಂಗುಟ ಕಿತ್ತಿರುತ್ತದೆ. ಇಷ್ಟು ಪಳಗಿದ ನಾನೇ ಮೊನ್ನೆ, ಹೈದರಾಬಾದಿನಿಂದ ದಿಲ್ಲಿಗೆ ವಿಮಾನದ ಹಾದಿ ಸಾವಿರದ ಇನ್ನೂರು ಚಿಲ್ಲರೆ ಕಿಲೋಮೀಟರು, ಪಯಣ ಎರಡು ತಾಸು ಹತ್ತು ನಿಮಿಷ ಎಂದು ಮೊಬೈಲಿನಲ್ಲಿ ಓದಿದ್ದನ್ನು ಅಗಿಯದೆ ನುಂಗಿ, ಅವ್ವನಿಗೂ ಬಡಿಸಿಬಿಟ್ಟೆ.

ನರ್ಸಿಂಗ್ ಓದಿದ ತಂಗಿ ಈರಮ್ಮನಿಗೆ ದಿಲ್ಲಿಯ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತ್ತು; ಸೋಮವಾರದೊಳಗೆ ಒಪ್ಪಿಗೆ ತಿಳಿಸದಿದ್ದರೆ ಅದು ಬೇರೆಯವರ ಪಾಲು. ಕವಿತಾಳದ ನಮ್ಮ ಮನೆಯಲ್ಲಿ ಅವ್ವ ಕೇಳಿದ್ದು ಪಗಾರವನ್ನಲ್ಲ.

“ನಾ ಹ್ವಾದ್ರ ಮಣ್ಣಿಗಿ ಮುಟ್ತಾಳೇನು?”

ಹೂಳುವ ಮುನ್ನ ಮಗಳು ಮುಖ ನೋಡಬೇಕು. ಅವ್ವನ ಭೂಗೋಳ ಅಲ್ಲಿಗೆ ಮುಗಿಯುತ್ತದೆ.

“ಬರೇ ಎರಡು ತಾಸು, ಯವ್ವಾ.”

“ರಾಯಚೂರಿಗಿ ಬಸ್ಸಿಗಿ ಎರಡು ತಾಸು. ದಿಲ್ಲಿ ಏನು ರಾಯಚೂರಿನ ಓಣಿ ಏನಲೇ?” ಎಂದವಳು ನನ್ನನ್ನೇ ನೋಡಿ, “ಇರಲಿ. ನೀ ಓದಿದಾಂವ ಹೇಳಾಕತ್ತಿ ಅಂದ ಮ್ಯಾಗ...” ಎಂದು ಅರ್ಧಕ್ಕೆ ಬಿಟ್ಟಳು.

ಆ ಅರ್ಧ ಮಾತು ನಾಟಿತು. ರಜೆಯಲ್ಲಿ ತಲೆಯ ಮೇಲೆ ಕಾಂಕ್ರೀಟ್ ಹೊತ್ತು ಪಡೆದ ಬಿ.ಎ. ನನ್ನದು, ನಮ್ಮ ವಂಶದಲ್ಲೇ ಮೊದಲನೆಯದು. ಈ ಮನೆಯಲ್ಲಿ ಅಕ್ಷರವೆಂಬುದು ನನ್ನ ಬಾಯಿಂದ ಹಾದ ಮೇಲೆಯೇ ಸತ್ಯವಾಗುತ್ತದೆ. ಇದೊಂದು ಸುಳ್ಳೆಂದು ತಿಳಿದರೆ ನಾಳೆ ನಾನು ಓದಿ ಕೊಡುವ ಬಿ.ಪಿ. ಗುಳಿಗೆಯ ಮೇಲೂ ಸಂಶಯ ಬಂದೀತು. ಹಾಳೆ ತೆಗೆದೆ. ಮೊಬೈಲಿನ ಆ ಮಹಾಶಯ ನಿಲ್ದಾಣದಿಂದ ನಿಲ್ದಾಣಕ್ಕೆ ಅಳೆದಿದ್ದ; ಆದರೆ, ನೀವೇ ಹೇಳಿ, ವಿಮಾನ ನಿಲ್ದಾಣದಲ್ಲಿ ಯಾರ ಅವ್ವ ವಾಸವಿದ್ದಾಳೆ? ಆಸ್ಪತ್ರೆಯಿಂದ ಹೊರಡುವುದು, ಎರಡು ತಾಸು ಮೊದಲೇ ಹೋಗಿ ಕೂಡುವುದು, ಹಾರುವುದು, ಪೆಟ್ಟಿಗೆಗೆ ಕಾಯುವುದು, ಹೈದರಾಬಾದಿನಿಂದ ರಾಯಚೂರು, ಅಲ್ಲಿ ನಮ್ಮೂರ ಬಸ್ಸಿನ ದಾರಿ ಕಾಯುವುದು, ಕೂಡಿಸುತ್ತ ಹೋದೆ.

“ನಿನ್ನ ಲೆಕ್ಕದಾಗ ನನ್ನ ನೌಕರಿ ಹೊಂಟಿತು ಅಣ್ಣಾ,” ಎಂದಳು ಈರಮ್ಮ.

“ಹದಿನಾರು ತಾಸು,” ಎಂದು ಓದಿದೆ.

ಅವ್ವನ ಹುಬ್ಬು ಸಡಿಲಾಯಿತು. “ಹಾಂ. ಇದು ದಿಲ್ಲಿ.” ಪಕ್ಕದ ಕಟ್ಟೆಯ ಮೇಲೆ ಸಿದ್ದಪ್ಪನಿದ್ದ. ದೂರದವರು ಬಂದು ಮುಟ್ಟುವತನಕ ಹೆಣದ ಮುಂದೆ ಕೂತು ಪದ ಹಾಡುವ ನಮ್ಮ ಓಣಿಯ ಭಜನಾ ಮೇಳಕ್ಕೆ ಅವನೇ ಹಿರಿಯ. “ಸಿದ್ದಪ್ಪ, ಹದಿನಾರು ತಾಸಿಗಿ ಆಗೋವಷ್ಟು ಪದ ಅದಾವೇನು ನಿನ್ನ ಹಂತೇಕ?” ಎಂದು ಅವ್ವ ಕೇಳಿದಳು.

“ಎಂಟು ತಾಸಿಗಿ ಅದಾವ ಯಕ್ಕಾ. ಮುಗದ್ರ ತಿರುಗಿ ಮೊದಲಿಂದ ಹೇಳ್ತೀವಿ.”

“ಹಂಗಾದ್ರ ಹೋಗಲಿ ಹುಡುಗಿ.”

ಈರಮ್ಮ ಸೋಮವಾರಕ್ಕೆ ಕಾಯಲಿಲ್ಲ. ಅವ್ವನ ಮನಸ್ಸು ತಿರುಗೀತೆಂಬ ಗುಮಾನಿಯಿಂದ ಅಲ್ಲಿಯೇ ಕೂತು ಒಪ್ಪಿಗೆ ಕಳಿಸಿದಳು. ನಾನು ಮತ್ತೆ ಮೊಬೈಲು ತೆರೆದು ನೋಡಿದೆ: ಎರಡು ತಾಸು ಹತ್ತು ನಿಮಿಷ. ಸುಳ್ಳಲ್ಲ, ಒಪ್ಪುತ್ತೇನೆ, ಉಳಿದ ತಾಸುಗಳು ನಮ್ಮವು, ಮೊಬೈಲಿನ ಮಹಾಶಯನಿಗೇನು ಗೊತ್ತು. ಸಿದ್ದಪ್ಪ ಮಾತ್ರ ಆವತ್ತಿನಿಂದ ಹೊಸ ಪದ ಕಲಿಯಲು ಹತ್ತಿದ್ದಾನೆ. ಅವನಿಗೇನು ಇಷ್ಟು ಅವಸರ ಎಂದು ಅವ್ವನಿಗೆ ಈಗ ಅವನ ಮೇಲೆ ಗುಮಾನಿ.