ಭಾವನವರ ಅಂಗಶಾಸ್ತ್ರ

ಮೂಗು ತುರಿಸಿದರೆ ನೀವು ಏನು ಮಾಡುತ್ತೀರಿ? ತುರಿಸಿಕೊಳ್ಳುತ್ತೀರಿ. ಪುಣ್ಯವಂತರು. ಮೊನ್ನೆ ಶನಿವಾರಸಂತೆ ಊರಿನಲ್ಲಿ ಅಕ್ಕನ ಮಗಳು ಪೂರ್ಣಿಮಾಳ ಮನೆಯ ಜಗಲಿಯಲ್ಲಿ ಕೂತಿದ್ದಾಗ ನನ್ನ ಮೂಗಿನ ತುದಿ ತುರಿಸತೊಡಗಿತು. ಒಳಗೆ ಒಣಮೆಣಸು ಹುರಿಯುತ್ತಿದ್ದರು, ಅದರ ಘಾಟು. ಆದರೂ ನಾನು ಕೈ ಎತ್ತಲಿಲ್ಲ. ಎದುರಿನ ಕುರ್ಚಿಯಲ್ಲಿ ಭಾವ ಕೂತಿದ್ದರು, ಅಂದರೆ ಅಕ್ಕನ ಯಜಮಾನರು, ಪೂರ್ಣಿಮಾಳ ಅಪ್ಪ. ಅವರ ಮುಂದೆ ಮೂಗು ಮುಟ್ಟಿಕೊಂಡವನು ಸುಳ್ಳುಗಾರ ಎಂದು ತೀರ್ಪಾಗಿ ಎಷ್ಟೋ ವರ್ಷವಾಯಿತು. ಆ ತೀರ್ಪಿಗೆ ಮೇಲ್ಮನವಿ ಇಲ್ಲ.

ಭಾವ ಹುಟ್ಟಾ ಹೀಗಿರಲಿಲ್ಲ. ಪಾಲಿಬೆಟ್ಟದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ ಹಾಕುವುದು, ಪಿಕಿಂಗ್ ಸಮಯದಲ್ಲಿ ಹಣ್ಣು ತೂಗಿಸುವುದು. ಯಾರ ತಂಟೆಗೂ ಹೋದವರಲ್ಲ. ಒಮ್ಮೆ ಎಸ್ಟೇಟಿನವರು ಇವರನ್ನು ಗೋಣಿಕೊಪ್ಪಲಿನಲ್ಲಿ ನಡೆದ ಒಂದು ತರಬೇತಿಗೆ ಕಳಿಸಿದರು. ಕೋಟು ಹಾಕಿದ ಯಾರೋ ಬಂದು, ಮನುಷ್ಯ ಬಾಯಿಂದ ಹೇಳುವುದಕ್ಕಿಂತ ಕೈಕಾಲುಗಳಿಂದ ಹೇಳುವುದೇ ಹೆಚ್ಚು ಎಂದು ಬೋಧಿಸಿ, ಊಟ ಹಾಕಿ ಕಳಿಸಿದರಂತೆ. ಬೆಳಿಗ್ಗೆ ಜೀಪು ಹತ್ತಿದವರು ನಮ್ಮ ಭಾವ. ಸಂಜೆ ಇಳಿದವರು ತ್ರಿಕಾಲಜ್ಞಾನಿಗಳು.

ಅಂದಿನಿಂದ ನಮ್ಮ ಕುಟುಂಬದಲ್ಲಿ ಯಾರ ಅಂಗಾಂಗವೂ ಅವರವರದಾಗಿ ಉಳಿಯಲಿಲ್ಲ. ಕೈ ಕಟ್ಟಿದವನ ಮನಸ್ಸು ಮುಚ್ಚಿದೆ. ಸೊಂಟದ ಮೇಲೆ ಕೈ ಇಟ್ಟವನು ತಿರುಗಿಬೀಳುತ್ತಾನೆ. ಪಾದ ಯಾವ ಕಡೆಗೋ ಮನಸ್ಸು ಆ ಕಡೆಗೆ. ಈ ಶಾಸ್ತ್ರವನ್ನು ಬರೆದವರು ಕೊಡಗಿನಲ್ಲಿ ಒಂದು ಜನವರಿಯನ್ನೂ ಕಳೆದಿಲ್ಲವೆಂದು ನನಗೆ ಖಾತ್ರಿಯಿದೆ. ಆ ಚಳಿಯಲ್ಲಿ ಕೈ ಕಟ್ಟದೆ ನಿಲ್ಲುವುದು ಬೇಲಿಯ ಗೂಟ ಮಾತ್ರ. ಇಡೀ ದಿನ ಬಗ್ಗಿ ಉದುರಿದ ಕಾಫಿ ಹೆಕ್ಕಿದ ಹೆಂಗಸು ಸಂಜೆ ಸೊಂಟ ಹಿಡಿದು ನಿಂತರೆ ಅದಕ್ಕೆ ಸೊಂಟನೋವು ಅನ್ನುತ್ತಾರೆ, ಬಂಡಾಯ ಅನ್ನುವುದಿಲ್ಲ. ಇದನ್ನೆಲ್ಲ ನಾನು ಭಾವನಿಗೆ ಹೇಳಿದ್ದೆ. "ನೀನು ಹೇಳೋವಾಗ ಹುಬ್ಬು ಗಂಟಿಕ್ತೀಯ ನೋಡು," ಎಂದರು. "ನಿನಗೇ ನಂಬಿಕೆ ಇಲ್ಲ."

ಅವರ ಮುಂದೆ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂಬುದೇ ನನ್ನ ಬಾಳಿನ ಸಮಸ್ಯೆಯಾಯಿತು. ಬೆನ್ನ ಹಿಂದೆ ಇಟ್ಟರೆ ಏನೋ ಬಚ್ಚಿಡುತ್ತಿದ್ದೇನೆ, ಜೇಬಿನಲ್ಲಿಟ್ಟರೆ ಅಧೈರ್ಯ. ಕೊನೆಗೆ ಎರಡನ್ನೂ ತೊಡೆಯ ಕೆಳಗೆ ಹಾಕಿಕೊಂಡು ಕೂರುವುದನ್ನು ರೂಢಿ ಮಾಡಿಕೊಂಡೆ. ಅದಕ್ಕೆ ಅವರ ಬಳಿ ಅರ್ಥವಿರಲಿಲ್ಲ, ಬಹುಶಃ ಕೋಟಿನವರು ಅಲ್ಲಿಯವರೆಗೆ ಹೋಗಿರಲಿಲ್ಲ. ಅಕ್ಕ ಒಮ್ಮೆ ದೋಸೆ ಹುಯ್ಯುತ್ತ ಹೇಳಿದ್ದಳು: "ಇವ್ರಿಗೆ ನನ್ನ ಮುಖ ಓದೋಕೆ ಬರ್ತದಂತೆ ಕಣೋ. ಗ್ಯಾಸ್ ಮುಗೀತಾ ಬಂತು ಅಂತ ಸೋಮವಾರದಿಂದ ಬಾಯಲ್ಲೇ ಹೇಳ್ತಿದೀನಿ, ಅದು ಮಾತ್ರ ಕೇಳ್ಸಿಲ್ಲ."

ಇದೆಲ್ಲ ನಗೆಯ ಮಾತಾಗಿಯೇ ಉಳಿಯುತ್ತಿತ್ತು, ಪೂರ್ಣಿಮಾಗೆ ಗಂಡು ನೋಡಲು ಶುರು ಮಾಡದೆ ಇದ್ದಿದ್ದರೆ. ಮೊದಲು ಬಂದ ಹುಡುಗ ಮೂಗು ತುರಿಸಿಕೊಂಡ. ಅಂಗಳದ ತುಂಬ ಕರಿಮೆಣಸು ಒಣಹಾಕಿತ್ತೆನ್ನುವುದು ಲೆಕ್ಕಕ್ಕೆ ಬರಲಿಲ್ಲ. ಎರಡನೆಯವನು ಚಳಿಗೆ ಕೈ ಕಟ್ಟಿದ. ಇಬ್ಬರೂ ತಿರಸ್ಕೃತರಾದರು. ಮೂರನೆಯವನು ಈ ಶನಿವಾರಸಂತೆಯ ನಂದೀಶ. ಪೂರ್ಣಿಮಾ ಇವನನ್ನು ಯಾವುದೋ ಮದುವೆಯಲ್ಲಿ ಕಂಡು ಮೆಚ್ಚಿದ್ದಳು, ಅದನ್ನು ಅಮ್ಮನಿಗೂ ನನಗೂ ಮಾತ್ರ ಹೇಳಿದ್ದಳು. ಅವರು ಬರುವ ದಿನ ಅಡುಗೆಮನೆಯಲ್ಲಿ ಸಿಕ್ಕಿದವಳು, "ಮಾವ, ಇವ್ರಾದ್ರೂ ಒಂದು ಗಂಟೆ ಅಲ್ಲಾಡದೆ ಕೂತ್ಕೊಂಡ್ರೆ ಸಾಕು ದೇವ್ರೇ ಅನ್ನಿಸ್ತಿದೆ," ಎಂದಳು. ನಗುತ್ತಲೇ ಹೇಳಿದಳು, ಆದರೆ ಒರೆಸಿದ ಲೋಟವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು.

ಹುಡುಗ ಅಲ್ಲಾಡಿದ. ಎಷ್ಟೆಂದರೆ, ಅಷ್ಟು ಅಲ್ಲಾಡಿದ ವರನನ್ನು ನಾನು ಬೇರೆ ಕಂಡಿಲ್ಲ. ಆಷಾಢಕ್ಕೆ ಮುಂಚಿನ ಮಳೆ. ಅವರ ಜೀಪು ಆಳುಗಳ ಲೈನ್ ಮನೆಗಳ ಹತ್ತಿರ ಕೆಸರಿನಲ್ಲಿ ಹೂತು, ಅಪ್ಪ ಮಗ ತೋಟದೊಳಗೆ ನಡೆದು ಬಂದಿದ್ದರು. ಕೂತ ಸ್ವಲ್ಪ ಹೊತ್ತಿಗೆ ನಂದೀಶ ಕಾಲಿಗೆ ಕಾಲು ಉಜ್ಜತೊಡಗಿದ. ಪ್ಯಾಂಟಿನ ಮಂಡಿ ಹಿಡಿದ, ಬಿಟ್ಟ. ಎರಡೂ ಪಾದಗಳನ್ನು ಬಾಗಿಲ ಕಡೆ ತಿರುಗಿಸಿದ. ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತಿದ್ದ, ಹಣೆಯಲ್ಲಿ ಮಾತ್ರ ಬೆವರು. ಭಾವ ನನ್ನತ್ತ ಒಂದು ನೋಟ ಬೀರಿದರು. ಆ ನೋಟವನ್ನು ಓದಲು ತರಬೇತಿ ಬೇಕಾಗಿರಲಿಲ್ಲ.

ಪೂರ್ಣಿಮಾ ಕಾಫಿ, ಹಲಸಿನ ಚಿಪ್ಸು ತಂದಳು. ಹೆಣ್ಣು ನೋಡುವ ದಿನ ಹುಡುಗಿ ಹೇಗೆ ಬರಬೇಕೋ ಹಾಗೆಯೇ, ತಲೆ ತಗ್ಗಿಸಿಕೊಂಡು ಬಂದಳು. ಲೋಟ ಕೊಟ್ಟಳು, ಒಳಗೆ ಹೋದಳು, ಕೂಡಲೇ ಮತ್ತೆ ಬಂದು ನಂದೀಶನ ಪಕ್ಕದ ಸ್ಟೂಲಿನ ಮೇಲೆ ಸ್ಟೀಲಿನ ಬಟ್ಟಲು ತುಂಬ ಉಪ್ಪು ಇಟ್ಟು ಹೋದಳು. ಕಾಫಿಗೆ ಉಪ್ಪು. ಅಕ್ಕ ಕಣ್ಣು ಮುಚ್ಚಿಕೊಂಡಳು. ಹುಡುಗ ಬಟ್ಟಲನ್ನು ನೋಡಿದ, ಅವಳು ಹೋದ ಬಾಗಿಲನ್ನು ನೋಡಿದ. ಆಮೇಲೆ ಕರವಸ್ತ್ರ ಬೀಳಿಸಿ, ಎತ್ತಿಕೊಳ್ಳಲು ಬಗ್ಗಿದವನು ತುಸು ಹೊತ್ತು ಬಗ್ಗಿಯೇ ಇದ್ದ. ಎದ್ದಾಗ ಬೇರೆಯೇ ಮನುಷ್ಯ. ಕಾಫಿ ಚೆನ್ನಾಗಿದೆ ಎಂದ.

ಅವರನ್ನು ಬೀಳ್ಕೊಟ್ಟು ಬಂದ ಭಾವ ಫೋನು ಕೈಗೆತ್ತಿಕೊಂಡರು. "ಈಗ್ಲೇ ಹೇಳ್ಬಿಡ್ತೀನಿ, ಆಸೆ ಹುಟ್ಸೋದು ಬೇಡ. ಅವನ ಪಾದ ಒಂದು ಕ್ಷಣಾನೂ ನಮ್ಮ ಕಡೆ ತಿರುಗ್ಲಿಲ್ಲ. ಇವಳಿಗೂ ಇಷ್ಟ ಇಲ್ಲ. ಇಷ್ಟ ಇದ್ದೋಳು ಗಲಿಬಿಲೀಲಿ ಉಪ್ಪು ತಂದಿಡ್ತಾಳಾ?"

ಪೂರ್ಣಿಮಾ ಬಾಗಿಲಲ್ಲಿ ನಿಂತಿದ್ದಳು. "ಫೋನ್ ಇಡಪ್ಪ," ಎಂದಳು. "ಅವ್ರ ಕಾಲಿಗೆ ಜಿಗಣೆ ಹತ್ತಿತ್ತು."

ಭಾವನ ಬೆರಳು ಫೋನಿನ ಮೇಲೆಯೇ ನಿಂತಿತು.

"ಹಿಮ್ಮಡಿವರೆಗೂ ರಕ್ತ ಇಳೀತಿತ್ತು. ನೀವೆಲ್ಲ ಮುಖ ನೋಡ್ತಿದ್ರಿ, ನಾನು ನೆಲ ನೋಡ್ತಿದ್ದೆ. ಹೆಣ್ಣು ನೋಡೋಕೆ ಬಂದ ಮನೇಲಿ ಪ್ಯಾಂಟ್ ಎತ್ತೋಕೆ ಆಗ್ದೆ ಒದ್ದಾಡ್ತಿದ್ರು ಪಾಪ. ಉಪ್ಪು ಇಟ್ಟೆ, ಅವ್ರಿಗೆ ಅರ್ಥ ಆಯ್ತು. ನನಗೆ ಅಷ್ಟು ಸಾಕು." ಅಪ್ಪನ ಎದುರಿಗೆ ಬಂದು ನಿಂತಳು: "ಒಪ್ಪಿದೀನಿ ಅಂತ ಬಾಯಲ್ಲೇ ಹೇಳ್ತಿದೀನಪ್ಪ. ಕೇಳ್ಸ್ತಾ?"

ನಾವು ಕುರ್ಚಿಯ ಕೆಳಗೆ ನೋಡಿದೆವು. ಉಪ್ಪಿನ ಹರಳುಗಳ ನಡುವೆ ಜಿಗಣೆ ಮುದುಡಿ ಬಿದ್ದಿತ್ತು.

ಮದುವೆಯಾಯಿತು. ಭಾವನ ವಿದ್ಯೆ ಅಲ್ಲಿಗಾದರೂ ಅಸುನೀಗಬೇಕಿತ್ತು ಎಂದು ನೀವು ಭಾವಿಸಬಹುದು, ನಾನೂ ಭಾವಿಸಿದ್ದೆ. ಚಪ್ಪರದಲ್ಲೇ ನೆಂಟರಿಗೆ ಹೇಳುತ್ತಿದ್ದರು: "ಹೊಸ್ತಿಲು ದಾಟೋವಾಗ್ಲೇ ಗೊತ್ತಾಯ್ತು, ಒಳ್ಳೆ ಹುಡುಗ. ಎಡಗಾಲು ಇಡೋ ರೀತೀಲೇ ಇತ್ತು."

ಪೂರ್ಣಿಮಾಳ ಮನೆಯ ಆ ಜಗಲಿಗೆ ಮರಳೋಣ, ನನ್ನ ಮೂಗು ಇನ್ನೂ ಕಾಯುತ್ತಿದೆ. ಭಾವನೂ ನಾನೂ ಆಗಷ್ಟೇ ಮಳೆ ನಿಂತ ತೋಟ ಸುತ್ತಿ ಬಂದಿದ್ದೆವು. ಪೂರ್ಣಿಮಾ ಕಾಫಿ ಕೊಟ್ಟು ಹೋಗಿದ್ದಳು.

"ಕೈ ಕಟ್ಕೊಂಡಿದೀಯ," ಎಂದರು ಭಾವ.

"ಚಳಿ ಭಾವ."

"ಚಳಿ ಅಲ್ಲ ಮಾರಾಯ. ಒಳಗೆ ಏನೋ ಇದೆ. ನನ್ನ ಕಣ್ಣು ನೋಡು."

ಆ ಕಣ್ಣು ತಪ್ಪಿಸಲು ನಾನು ಹೆಣ್ಣು ನೋಡುವ ದಿನದ ಹುಡುಗಿಯಂತೆ ತಲೆ ತಗ್ಗಿಸಿದೆ. ಅವರ ಪಂಚೆಯ ಅಂಚಿನ ಕೆಳಗೆ, ಹಿಮ್ಮಡಿಯತ್ತ, ಕೆಂಪಗೆ ಒಂದು ಎಳೆ ಇಳಿಯುತ್ತಿತ್ತು. ಬಾಯಿಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ. ಎದ್ದು ಅಡುಗೆಮನೆಗೆ ಹೋದೆ. ಪೂರ್ಣಿಮಾ ನನ್ನ ಮುಖ ನೋಡಿದವಳೇ ಏನೂ ಕೇಳದೆ ಬಟ್ಟಲು ಚಾಚಿದಳು. ಅದನ್ನು ತಂದು ಭಾವನ ಕಾಫಿಯ ಪಕ್ಕದಲ್ಲಿ ಇಟ್ಟು ಕೂತೆ.

ಅವರು ಉಪ್ಪನ್ನು ನೋಡಿದರು. ನನ್ನನ್ನು ನೋಡಿದರು. ನಿಧಾನವಾಗಿ ತಲೆದೂಗಿದರು.

"ಕಾಫಿಗೆ ಉಪ್ಪು ತಂದಿಟ್ಟಿದೀಯ. ನಿನಗೆ ನನ್ನ ಮೇಲೆ ಭಾರೀ ಸಿಟ್ಟಿದೆ, ಅಲ್ವಾ?"

ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವರ ಓದು ಸರಿಯಾಗಿತ್ತು.

"ಛೆ, ಎಲ್ಲಾದ್ರೂ ಉಂಟಾ ಭಾವ," ಎಂದೆ, ಮನಸಾರೆ ಮೂಗು ತುರಿಸಿಕೊಳ್ಳುತ್ತ.