ಕಲ್ಲುಗುಡ್ಡೆ ಬಿಚ್ಚಿದ ಮಧ್ಯಾಹ್ನ

ಕಾಲೇಜಿನ ಹಿಂದೆ ಲಂಟಾನ ಪೊದೆ ಸವರುತ್ತಿದ್ದಾರೆ. ಅರೆದ ಎಲೆಯ ಆ ಘಾಟು ಕಿಟಕಿಯಿಂದ ನುಗ್ಗಿ ಸ್ಟಾಫ್ ರೂಮಿನಲ್ಲೇ ಕುಂತುಬಿಟ್ಟಿದೆ. ಉತ್ತರಪತ್ರಿಕೆ ತಿದ್ದುತ್ತಿದ್ದವನು ಪೆನ್ನು ಕೆಳಗಿಟ್ಟೆ. ತಿಗನಾರೆ ಹಳ್ಳಿಯ ಬೆಟ್ಟದ ದಾರಿಯ ವಾಸನೆ ಅದು. ಅದರ ಹಿಂದೆಯೇ ಆ ದನ ಕಾಯುವ ಅಣ್ಣನ ಮುಖ... ಬೇಡ ಅಂದರೂ ಬಂತು.

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳು. ನಾನು ಭೂಗೋಳದಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ವಿಷಯ ಕೇಳಿದರೆ ನಗುತ್ತೀರಿ. ಬೆಟ್ಟ ಹತ್ತಿ ನಕ್ಷೆ ಬರೆದ ಹಳೆಯ ಕಾಲದ ಬಿಳಿ ದೊರೆಗಳಿಗೆ ನೆತ್ತಿಯ ಮೇಲೆ ನಿಂತಾಗ ಏನನ್ನಿಸಿತ್ತು? ಭಯವೋ, ಹಿಗ್ಗೋ, ಊರಿನ ನೆನಪೋ? ಅವರ ಡೈರಿ ಓದಿ ಓದಿ ಕಣ್ಣು ಕೆಟ್ಟಿತ್ತು. ಅವರು ನಿಂತಲ್ಲಿ ನಾನೂ ನಿಲ್ಲಬೇಕೆಂಬ ಹುಚ್ಚು ಬೇರೆ. ಕಾಡು ಹೊಗುವ ಪರ್ಮಿಟ್‌ಗಾಗಿ ಹಾಸನೂರಿನ ಅರಣ್ಯ ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಯಿತು. ಕೊನೆಗೆ ದಾರಿ ತೋರಿಸಲು ಒಪ್ಪಿದವರು ಈ ಅಣ್ಣ. ಐವತ್ತು ದಾಟಿದ ಮನುಷ್ಯ, ಕೂಲಿ ಇಲ್ಲದ ದಿನ ಊರ ದನ ಹೊಡೆದುಕೊಂಡು ಬೆಟ್ಟಕ್ಕೆ ಹೋಗುತ್ತಿದ್ದರು.

ದೂರದ ಬೆಟ್ಟ ನುಣ್ಣಗೆ ಎಂದವನು ಖಂಡಿತ ಒಂದು ಸಲ ಹತ್ತಿ ಇಳಿದು, ಕಾಲು ಒತ್ತಿಕೊಳ್ಳುತ್ತ ಹೇಳಿರಬೇಕು. ಅರ್ಧ ದಾರಿಗೇ ನನಗೆ ಏದುಸಿರು. ಬೆಟ್ಟ ದಾಟುವ ಜಾಗದಲ್ಲಿ ಎದೆಮಟ್ಟದ ಒಂದು ಕಲ್ಲುಗುಡ್ಡೆಯಿತ್ತು. ಅಣ್ಣ ಎಕ್ಕಡ ಬಿಟ್ಟು, ಒಂದು ಕಲ್ಲು ಎತ್ತಿ ಅದರ ಮೇಲಿಟ್ಟು, "ನನ್ ಸುಸ್ತ ನೀನ್ ಮಡೀಕೊ ತಾಯಿ, ದಾರಿಯ ನಂಗ್ ಕೊಡು" ಎಂದರು. ಆ ದಾರಿ ಹಿಡಿದವರೆಲ್ಲ ಹಾಗೆ ಮಾಡುತ್ತಿದ್ದರಂತೆ.

ಪಡುವಲ ಕಡೆ ಮೇಲಿದ್ದ ಒಂದು ಕಲ್ಲನ್ನು ಅವರು ಅಂಗೈಯಿಂದ ಸವರಿದರು. ಬೆಟ್ಟದಾಚೆ ಅವರ ಹೆಂಡತಿಯ ತವರು. ಅಲ್ಲಿ ಜ್ವರ ಬಂದು ಮಲಗಿದವಳನ್ನು ಜೋಲಿ ಕಟ್ಟಿ ಹೊತ್ತು ತರುವಾಗ, ಇಲ್ಲಿ ಇಳಿಸಿ, ಅವಳ ಕೈಗೆ ಕಲ್ಲು ಕೊಟ್ಟು, ಕೈ ಹಿಡಿದು ಇಡಿಸಿದ್ದರು. ಇಳಿಯುವ ದಾರಿಯಲ್ಲೇ ಅವಳು ತೀರಿಕೊಂಡಳು.

"ಇದ ಮುಟ್ಬ್ಯಾಡಿ ಮೇಷ್ಟ್ರೆ. ನಮ್ಮೋಳು ಕೊನೀಗ್ ಮಡಗಿದ್ದು," ಎಂದರು. ಆಯಿತು ಎಂದೆ.

ಆಯಿತು ಎಂದವನೇ ನಾನು! ಅವರು ನೀರು ತರಲು ಕೆಳಗಿನ ಒರತೆಗೆ ಹೋದರು. ಹಳೆಯ ಸರ್ವೆಯವರು ಬಂಡೆಯ ಮೇಲೆ ಗುರುತು ಕೆತ್ತಿ, ಅದರ ಮೇಲೆ ಕಲ್ಲು ಪೇರಿಸುತ್ತಿದ್ದರು ಎಂದು ಓದಿದ್ದೆ. ಇದರ ಬುಡದಲ್ಲೂ ಆ ಗುರುತು ಇದ್ದರೆ? ಅವಳ ಕಲ್ಲಿನ ತಂಟೆಗೆ ಹೋಗದೆ, ಮೂಡಲ ಕಡೆ ಸ್ವಲ್ಪ ಬಿಚ್ಚಿ ನೋಡಿ, ಅಣ್ಣ ಬರುವಷ್ಟರಲ್ಲಿ ಜೋಡಿಸಿಬಿಡೋಣ ಅಂದುಕೊಂಡೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ನನ್ನ ಆ ಮುಕ್ಕಾಲು ಅವತ್ತು ಎಲ್ಲಿ ಹಾಳಾಗಿ ಹೋಗಿತ್ತೋ! ನಾಲ್ಕೇ ನಾಲ್ಕು ಕಲ್ಲು ಎಳೆದೆ. ಗುಡ್ಡೆಗೆ ಗುಡ್ಡೆಯೇ ಜಾರಿ ನನ್ನ ಕಾಲ ಬಳಿ ಹರಡಿಕೊಂಡಿತು. ಬುಡದಲ್ಲಿ ಗುರುತೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ. ಒಂದಿಷ್ಟು ಇರುವೆ ಇದ್ದವು.

ಅಣ್ಣ ಬಂದು ನೀರಿನ ಕ್ಯಾನು ಕೆಳಗಿಟ್ಟರು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮಂಡಿಯೂರಿ ಒಂದೊಂದೇ ಕಲ್ಲು ಎತ್ತಿ, ತಿರುಗಿಸಿ ನೋಡಿ, ಪಕ್ಕಕ್ಕೆ ಇಡತೊಡಗಿದರು. ನಾನೂ ಒಂದನ್ನು ತೋರಿಸಿದೆ.

"ಇದಾ ಅಣ್ಣ?"

"ಇದ್ರೂ ಇರ್ಬೌದು."

ಇನ್ನೊಂದು ತೋರಿಸಿದೆ. "ಅದೂ ಇರ್ಬೌದು," ಎಂದರು. ಇದ್ದ ಜಾಗದಿಂದ ಮಾತ್ರ ಗುರುತು ಸಿಗುತ್ತಿದ್ದ ಕಲ್ಲು ಅದು. ಬಿಸಿಲು ಇಳಿಯುವವರೆಗೂ ಹುಡುಕಿದೆವು...

ಇಳಿಯುವಾಗ ನನ್ನ ಚೀಲವನ್ನೂ ಅವರೇ ಹೊತ್ತರು. ಕೊಡಿ ಎಂದರೆ ಕೊಡಲಿಲ್ಲ. ಊರ ಹತ್ತಿರ ಬಂದ ಮೇಲೆ ಹೇಳಿದ್ದು ಒಂದೇ ಮಾತು: "ಎಷ್ಟ್ ಜನದ ಸುಸ್ತು ಅಲ್ಲಿ ಮನಗಿತ್ತು ಮೇಷ್ಟ್ರೆ. ಎಲ್ಲನೂ ಎಬ್ಬುಸ್ಬುಟ್ರಿ."

ನನ್ನ ಪ್ರಬಂಧ ಮುಗಿಯಿತು. ಬೆಟ್ಟದ ಮೇಲೆ ದೊರೆಗಳು ಪಟ್ಟ ದುಃಖದ ಅಧ್ಯಾಯ ಬಹಳ ಚೆನ್ನಾಗಿದೆ ಎಂದರು ಪರೀಕ್ಷಕರು. ನನಗೆ ಮಾತ್ರ ಅದರ ಒಂದು ಹಾಳೆ ತಿರುಗಿಸಲೂ ಆಯಾಸ. ಮರುವರ್ಷ ಕ್ಷಮೆ ಕೇಳಲೆಂದೇ ತಿಗನಾರೆಗೆ ಹೋದೆ. ಅಣ್ಣ ಜಗಲಿಯ ಮೇಲೆ ಸುಮ್ಮನೆ ಕುಂತಿದ್ದರು. ದನ ಕಾಯುವುದನ್ನು ಬಿಟ್ಟುಬಿಟ್ಟಿದ್ದರು.

"ಬನ್ನಿ ಮೇಷ್ಟ್ರೆ, ಕೂತ್ಕಳಿ," ಎಂದು ಚಾಪೆ ಹಾಸಿದರು. ಆ ಉಪಚಾರ ನನ್ನನ್ನು ಕೊಂದುಹಾಕಿತು.

"ಬೆಟ್ಟಕ್ಕೆ ಹೋಗಲ್ವಾ ಅಣ್ಣ?"

"ದನ ಮೇಯ್ಸಕ ಅಂತ ಓಯ್ತಿದ್ನಾ ನಾನು? ಅಲ್ಲಿ ಅವ್ಳು ಸಿಕ್ತಿದ್ಲು, ಅದ್ಕ ಓಯ್ತಿದ್ದಿ. ಈಗ ಅದು ಬರೀ ಬೆಟ್ಟ ಕಣಿ."

ಕ್ಷಮೆ ಮಾತ್ರ ಕೇಳಲಿಲ್ಲ. ಟೀ ಕುಡಿದು, ಪಣಕಹಳ್ಳಿಯ ಕಡೆಯಿಂದ ಬಂದ ಬಸ್ಸು ಹತ್ತಿಬಿಟ್ಟೆ. ಅಣ್ಣ ತೀರಿಕೊಂಡ ಸುದ್ದಿ ನನ್ನ ಕಿವಿಗೆ ಬೀಳುವ ಹೊತ್ತಿಗೆ ಅವರು ಹೋಗಿ ಎರಡು ವರ್ಷ ಕಳೆದಿತ್ತು.

ಬೆಲ್ಲು ಹೊಡೆಯಿತು. ಮೊದಲ ವರ್ಷದವರಿಗೆ ಪಾಠವಿದೆ, ಏಳಬೇಕು. ಬೆಟ್ಟವೆಂದರೆ ಸುತ್ತಲಿನ ನೆಲಕ್ಕಿಂತ ಎತ್ತರವಾಗಿರುವ ಭೂಭಾಗ ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ, ಮಕ್ಕಳು ಬರೆದುಕೊಳ್ಳುತ್ತಾರೆ. ಅಣ್ಣನಿಗೆ ನಾನು ಉಳಿಸಿಕೊಟ್ಟದ್ದೂ ಅಷ್ಟನ್ನೇ.